ಹಸಿರು ಮಸಿಯ ಸಾಲು

ಪೋರ್ಟ್ ಪಿರಿ
ಮಾರ್ಚ್ 14, 2019

ಕೋರಲ್,

ಪ್ರಿಯ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ನಲವತ್ತೊಂಬತ್ತು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಮುಖ ಹೇಗಾಗಿರಬಹುದೆಂದು ಊಹಿಸಿಕೊಂಡೇ ಈ ಲಕೋಟೆ ಅಂಟಿಸುತ್ತಿದ್ದೇನೆ.

ಪತ್ರಿಕೆಯಲ್ಲಿ ನಿನ್ನ ಫೋಟೊ ನೋಡಿದೆ. ನಮ್ಮ ಗ್ಯಾರಿಕ್ ಹಿಲ್ ಸೈನಿಕ ಆಸ್ಪತ್ರೆಯನ್ನು ಕೆಡವಿ ವೈದ್ಯಕೀಯ ಸಂಶೋಧನೆಯ ಊರನ್ನೇ ಕಟ್ಟುತ್ತಿದ್ದಾರಂತೆ. ನಾಲ್ಕು ಅಂತಸ್ತಿನ ಗಾಜಿನ ಕಟ್ಟಡಗಳು, ನಡುವೆ ಹುಲ್ಲುಹಾಸು, ಕಾಫಿ ಅಂಗಡಿ. ಮೊದಲ ಕಟ್ಟಡಕ್ಕೆ ಹಳೆಯ ಮೇಟ್ರನ್ ಹೆಸರು: ಕೋರಲ್ ವಿದರ್ಸ್ ಔಷಧ ಸುರಕ್ಷತಾ ಸಂಶೋಧನಾ ಕೇಂದ್ರ. ಔಷಧ ಸುರಕ್ಷತೆ! ಓದಿ ನಕ್ಕ ನಗುವಿಗೆ ಬಾಯಲ್ಲಿದ್ದ ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು.

ಆಮೇಲೆ ಸುಮ್ಮನೆ ಕೂರಲಿಲ್ಲ. ಹಳೆಯ ಸಾಮಾನು ಗುರುತಿಸಲು ಆ ಕಾಲದ ನರ್ಸುಗಳು ಬೇಕೆಂದು ಅಲ್ಲಿನ ಪ್ರದರ್ಶನ ನೋಡಿಕೊಳ್ಳುವ ಆನಲೀಸ್ ಎಂಬ ಹುಡುಗಿ ಪತ್ರಿಕೆಯಲ್ಲೇ ಕೇಳಿದ್ದಳು. ಹೆಸರು ಕೊಟ್ಟೆ. ಹದಿನೈದು ದಿನಕ್ಕೊಮ್ಮೆ ಗುರುವಾರ ಬಸ್ಸು ಹಿಡಿದು ಅಡಿಲೇಡಿಗೆ ಬರುತ್ತೇನೆ. ಬೆಡ್‌ಪ್ಯಾನು, ಗಾಜಿನ ಸಿರಿಂಜು, ಮರದ ಕಾಲು, ಎಲ್ಲಕ್ಕೂ ಚೀಟಿ ಅಂಟಿಸುತ್ತೇನೆ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. "ನೆರಿಡಾ, ನಿಮ್ಗೆ ಎಲ್ಲಾ ಎಷ್ಟು ಚೆನ್ನಾಗ್ ನೆನಪಿದೆ!" ಅನ್ನುತ್ತಾಳೆ. ಇರದೆ ಏನು ಮಗಳೇ ಎಂದುಕೊಳ್ಳುತ್ತೇನೆ.

ಹೋದ ಗುರುವಾರ ಒಂಬತ್ತನೇ ವಾರ್ಡಿನ ಮದ್ದಿನ ಬೀರುವನ್ನು ಗೋಡೆಯಿಂದ ಕಿತ್ತರು. ಹಿಂದೆ ಸಿಕ್ಕಿಕೊಂಡಿದ್ದ ಒಂದು ಪುಸ್ತಕ ಕೆಳಗೆ ಬಿತ್ತು. ಮಾರ್ಫಿನ್ ಲೆಕ್ಕದ ಪುಸ್ತಕ, 1970. ಕಳೆದೇಹೋಯಿತೆಂದು ವಿಚಾರಣೆಯಲ್ಲಿ ಹೇಳಿದ್ದರಲ್ಲ, ಅದೇ.

ನೆನಪಿದೆ ತಾನೆ ನಮ್ಮ ಮಸಿಯ ನಿಯಮ? ಬೆಳಗಿನ ಪಾಳಿಗೆ ನೀಲಿ, ಮಧ್ಯಾಹ್ನದ ಪಾಳಿಗೆ ಹಸಿರು, ರಾತ್ರಿಗೆ ಕೆಂಪು. ಆಗಸ್ಟ್ 14ರಂದು ನಿನ್ನದು ಬೆಳಗಿನ ಪಾಳಿ. ಡೆನ್ಜಿಲ್ ಟ್ರೆಝೀಸ್‌ಗೆ ಒಂದೂವರೆಗೆ ಮಾರ್ಫಿನ್ ಕೊಟ್ಟೆನೆಂದು ನೀನು ಬರೆದ ಸಾಲು ಪುಸ್ತಕದಲ್ಲಿ ಯಾವ ಬಣ್ಣದಲ್ಲಿದೆ ಗೊತ್ತೇ? ಹಸಿರು. ವಿಚಾರಣೆಗೆ ಬಂದದ್ದು ಬರೀ ಕಪ್ಪು ಬಿಳುಪಿನ ನಕಲು. ಅದರಲ್ಲಿ ಎಲ್ಲ ಮಸಿಯೂ ಒಂದೇ.

ನವೆಂಬರ್ 9ಕ್ಕೆ ಉದ್ಘಾಟನೆ. ವೇದಿಕೆ ಹತ್ತಿ, ಮಂತ್ರಿಗಳ ಮುಂದೆ, ಆ ದಿನ ನಡೆದದ್ದನ್ನು ನೀನೇ ನಿನ್ನ ಬಾಯಿಂದ ಹೇಳಬೇಕು. ಇಲ್ಲವಾದರೆ ಪುಸ್ತಕ ಹೇಳುತ್ತದೆ.

ಮರೆಯದ
ನೆರಿಡಾ ಪ್ಯಾಸ್ಕೋ


ಅಡಿಲೇಡ್
ಏಪ್ರಿಲ್ 2, 2019

ಪ್ರಿಯ ನೆರಿ,

ನೀನು ಬಿಟ್ಟ ಪದವನ್ನು ನಾನು ಬರೆದಿದ್ದೇನೆ, ಬೇಸರಿಸಬೇಡ. ನಿನ್ನ ಪತ್ರ ನೋಡಿ ಸಂತೋಷವಾಯಿತು ಅಂದರೆ ಸುಳ್ಳಾಗುತ್ತದೆ. ನೀನು ಬದುಕಿದ್ದೀಯ, ಬಸ್ಸು ಹತ್ತುವಷ್ಟು ಗಟ್ಟಿಯಿದ್ದೀಯ ಎಂದು ತಿಳಿದದ್ದು ಮಾತ್ರ ಸಂತೋಷ. ನನ್ನ ಸೊಂಟದ ಮೂಳೆ ಎರಡು ಸಲ ಮುರಿದಿದೆ.

ಐವತ್ತು ವರ್ಷದ ಹಳೆಯ ಮಸಿ, ಸೋರುವ ಗೋಡೆಯ ಹಿಂದೆ ಬಿದ್ದದ್ದು. ನೀಲಿ ಮಾಸಿ ಹಸಿರಾಗಿರಬಾರದೇಕೆ? ಎಪ್ಪತ್ತೆಂಟರ ಕಣ್ಣಿಗೆ ಬಣ್ಣ ಹೇಗೆ ಕಾಣುತ್ತದೆಂದು ನನಗೂ ಗೊತ್ತು. ಇನ್ನೊಂದು ಮಾತು. ಆ ಸಾಲಿನಲ್ಲಿ, ಇಂಜೆಕ್ಷನ್ ಕೊಟ್ಟದ್ದನ್ನು ನೋಡಿದವಳ ಜಾಗದಲ್ಲಿರುವ ಸಹಿ ಯಾರದು? ಅದನ್ನು ನಾನು ಬರೆಯಲಿಲ್ಲ ನೆರಿ.

ಪುಸ್ತಕ ಸಂಸ್ಥೆಯ ಆಸ್ತಿ. ಆನಲೀಸ್ ಕೈಗೆ ಕೊಟ್ಟುಬಿಡು. ಮುಂದಿನ ಗುರುವಾರ ಬಂದಾಗ ನಮ್ಮ ಮನೆಗೆ ಊಟಕ್ಕೆ ಬಾ. ಕುರಿಮಾಂಸ ಹುರಿಯುತ್ತೇನೆ, ಪುದೀನ ಚಟ್ನಿಯ ಜೊತೆ, ನರ್ಸುಗಳ ಹಾಸ್ಟೆಲಿನಲ್ಲಿ ನಿನಗೆ ಇಷ್ಟವಿದ್ದ ಹಾಗೆ. ಇಬ್ಬರು ಮುದುಕಿಯರು ಕೂತು ಮಾತಾಡಿದರೆ ಮುಗಿಯದ್ದು ಏನಿದೆ?

ಎಂದಿನಂತೆ ನಿನ್ನ
ಕೋರಲ್


ಪೋರ್ಟ್ ಪಿರಿ
ಏಪ್ರಿಲ್ 9, 2019

ಕೋರಲ್,

ನಿನ್ನ ಕುರಿಮಾಂಸ ನೀನೇ ತಿನ್ನು.

ಸಹಿ ನನ್ನದೇ. ಇಲ್ಲವೆಂದು ಯಾವತ್ತು ಹೇಳಿದೆ? ಪಾಳಿ ಬದಲಾಗುವ ಹೊತ್ತಿಗೆ ಬರುವವಳು ಹೋಗುವವಳಿಗೆ ಒಂದು ಖಾಲಿ ಸಾಲಿಗೆ ಸಹಿ ಮಾಡಿಕೊಡುತ್ತಿದ್ದೆವು. ಕೊನೆಗಳಿಗೆಯಲ್ಲಿ ಯಾರಿಗಾದರೂ ಮದ್ದು ಕೊಡಬೇಕಾದರೆ ಸಾಕ್ಷಿ ಹುಡುಕಿಕೊಂಡು ಓಡಬಾರದಲ್ಲ. ಏನೂ ಕೊಡದಿದ್ದರೆ ಮರುದಿನ ಆ ಸಾಲಿಗೆ ಗೀಟು ಎಳೆಯುವುದು. ಹನ್ನೆರಡು ವಾರ್ಡಿನಲ್ಲೂ ಹೀಗೇ ನಡೆಯುತ್ತಿತ್ತು. ತಪ್ಪೇ, ಒಪ್ಪಿದೆ. ಆದರೆ ಅದು ಗೆಳತಿಯ ಮೇಲಿನ ನಂಬಿಕೆಯಿಂದ ಮಾಡಿದ ತಪ್ಪು.

ಆ ದಿನ ಒಂದು ಗಂಟೆಗೆ ಬಂದು ನಿನಗೆ ಸಹಿ ಹಾಕಿಕೊಟ್ಟೆ. ಎರಡು ಗಂಟೆಗೆ ಕೊಡಬೇಕಾದ ಮದ್ದನ್ನು ನೀನು ಒಂದೂವರೆಗೇ ಕೊಟ್ಟು, ಬರೆಯದೆ, ನನಗೆ ಹೇಳದೆ, ಗ್ಲೆನೆಲ್ಗ್ ಸಮುದ್ರಕ್ಕೆ ಓಡಿದೆ. ನಾನು ಎರಡಕ್ಕೆ ಪುಸ್ತಕ ತೆರೆದೆ. ನಿನ್ನ ಸಾಲು ಖಾಲಿ. ಹುಡುಗ "ಸಿಸ್ಟರ್, ಕಾಲು... ಕಾಲು..." ಎಂದು ಹಲುಬುತ್ತಿದ್ದ, ಆ ಕಾಲು ವಿಯೆಟ್ನಾಮಿನಲ್ಲೇ ಉಳಿದಿತ್ತು. ತರಬೇತಿಯ ಹುಡುಗಿಯೊಬ್ಬಳನ್ನು ಸಾಕ್ಷಿಗೆ ಕರೆದು ಇಂಜೆಕ್ಷನ್ ಕೊಟ್ಟೆ. ನಾಲ್ಕಕ್ಕೆ ಅವನು ಹೋದ. ಇಪ್ಪತ್ತು ವರ್ಷ. ಐದಕ್ಕೆ ನೀನು ಕೂದಲಲ್ಲಿ ಮರಳಿಟ್ಟುಕೊಂಡೇ ಬಂದೆ. ನಾನು ಹೆಣ ತೊಳೆಯುತ್ತಿದ್ದಾಗ ನೀನು ಖಾಲಿ ಸಾಲು ತುಂಬಿದೆ. ಮೇಜಿನ ಮೇಲೆ ಆ ಹೊತ್ತಿಗೆ ಇದ್ದದ್ದು ಹಸಿರು ಪೆನ್ನು ಒಂದೇ.

ಮೊದಲ ಇಂಜೆಕ್ಷನ್ ಕೊಟ್ಟದ್ದನ್ನು ನೋಡಿಯೂ ಎರಡನೇ ಸಲ ಚುಚ್ಚಿದವಳು ಎಂದು ನನ್ನ ಹೆಸರನ್ನು ನರ್ಸುಗಳ ಪಟ್ಟಿಯಿಂದ ಹೊಡೆದುಹಾಕಿದರು. ಖಾಲಿ ಸಾಲಿನ ಮಾತು ಎತ್ತಿದಾಗ ನೀನು ಏನಂದೆ? "ನಮ್ಮ ವಾರ್ಡಲ್ಲಿ ಅಂಥದ್ದೆಲ್ಲಾ ನಡೆಯಲ್ಲ ಸಾರ್." ಮೂವತ್ತೊಂದು ವರ್ಷ ನಾನು ಮೀನಿನಂಗಡಿಯಲ್ಲಿ ಎಣ್ಣೆಯ ಮುಂದೆ ನಿಂತೆ, ಕೋರಲ್.

ಅದನ್ನಾದರೂ ನುಂಗಿಕೊಂಡೆ. ಡೆನ್ಜಿಲ್‌ನ ಅಮ್ಮನ ಮಾತು ನುಂಗಲಾಗಲಿಲ್ಲ. ವಿಚಾರಣೆ ಮುಗಿದು ಮೆಟ್ಟಿಲಿಳಿಯುವಾಗ ಮಿಸೆಸ್ ಟ್ರೆಝೀಸ್ ನನ್ನ ಎರಡೂ ಮಣಿಕಟ್ಟು ಹಿಡಿದು ಹೇಳಿದರು: "ಈ ಕೈಯಲ್ಲಿ ನೀನು ಯಾವತ್ತೂ ನಿನ್ನ ಮಗು ಎತ್ಕೋಬಾರ್ದು. ಎತ್ಕೊಂಡ್ರೂ ಉಳೀಬಾರ್ದು." ನೀನು ಪಕ್ಕದಲ್ಲೇ ಇದ್ದೆ, ಅವರಿಗೆ ಕರವಸ್ತ್ರ ಕೊಟ್ಟೆ. ನನಗೆ ಮೂರು ಸಲ ಬಸಿರು ನಿಂತಿತು. ಒಂದೂ ಉಳಿಯಲಿಲ್ಲ. ಶಾಪದಲ್ಲಿ ನಂಬಿಕೆಯಿಲ್ಲವೆಂದು ಎಷ್ಟು ಸಲ ಹೇಳಿಕೊಂಡರೂ ಕೈ ನೋಡಿದಾಗೆಲ್ಲ ಅದೇ ಕೇಳಿಸುತ್ತದೆ.

ಅವರಿಗೀಗ ತೊಂಬತ್ತೆರಡು. ಮೂಂಟಾದ ವೃದ್ಧರ ಮನೆಯಲ್ಲಿದ್ದಾರೆ, ವಿಚಾರಿಸಿದ್ದೇನೆ. ನನಗೆ ಬೇಕಾದದ್ದು ಒಂದೇ. ಆ ಮಾತನ್ನು ಅವರು ತಮ್ಮ ಬಾಯಿಂದಲೇ ವಾಪಸ್ ತೆಗೆದುಕೊಳ್ಳಬೇಕು.

ಪುಸ್ತಕಕ್ಕೆ ಬಂದರೆ, ಅದನ್ನು ಹೆಣಿಗೆಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದೇನೆ. ಹುಳು ಸಾಯಲು ಹಳೆಯ ಪುಸ್ತಕವನ್ನು ಫ್ರೀಜರಿನಲ್ಲಿಡಬೇಕೆಂದು ಆನಲೀಸ್ ಹೇಳಿಕೊಟ್ಟಳು. ಬಟಾಣಿ ಚೀಲದ ಕೆಳಗೆ ತಣ್ಣಗೆ ಮಲಗಿದೆ.

ನೆರಿಡಾ


ಅಡಿಲೇಡ್
ಜೂನ್ 30, 2019

ನೆರಿ,

ಮೂರು ತಿಂಗಳು ಬರೆದು ಹರಿದು ಹಾಕಿದ್ದೇನೆ. ಈಗ ಒಂದೇ ಉಸಿರಿಗೆ ಬರೆಯುತ್ತೇನೆ.

ನಾನೇ ಮಾಡಿದೆ. ಮಸಿ ಮಾಸಿದ್ದಲ್ಲ. ಕೂದಲಲ್ಲಿ ಮರಳು ಇದ್ದದ್ದೂ ನಿಜ. ಬರೆಯದೆ ಹೋದದ್ದು ನೆನಪಾಗಿ ವಾಪಸ್ ಓಡಿ ಬಂದೆ, ಬಾಗಿಲಲ್ಲೇ ಅವನು ಸತ್ತ ಸುದ್ದಿ ಕೇಳಿದೆ. ಮೇಜಿನ ಮೇಲೆ ಪುಸ್ತಕ ತೆರೆದೇ ಇತ್ತು, ನಿನ್ನ ಸಹಿಯ ಪಕ್ಕ ಖಾಲಿ ಜಾಗ. ಬರೆಯಬೇಕಾದದ್ದನ್ನು ತಡವಾಗಿ ಬರೆಯುತ್ತಿದ್ದೇನೆ, ಅಷ್ಟೇ ಅಂದುಕೊಂಡೆ. ಅದರಿಂದ ನಿನ್ನ ಕುತ್ತಿಗೆಗೆ ಹಗ್ಗ ಬೀಳುತ್ತದೆಂದು ಆಗ ಹೊಳೆಯಲಿಲ್ಲ. ರಾತ್ರಿಯ ಹೊತ್ತಿಗೆ ಹೊಳೆಯಿತು. ಹೊಳೆದ ಮೇಲೂ ಸುಮ್ಮನಿದ್ದೆ. ಅದೇ ನನ್ನ ಅಪರಾಧ.

ನಕಲು ತೆಗೆಸಿ ಮೇಟ್ರನ್ ವಾಪಸ್ ಕಳಿಸಿದ ದಿನವೇ ಪುಸ್ತಕವನ್ನು ಬೀರುವಿನ ಹಿಂದೆ ತಳ್ಳಿದೆ. ಮುಂದೆ ನಾನೇ ಮೇಟ್ರನ್ ಆದೆ, ಬೀರುವಿನ ಬೀಗದ ಕೈ ಹದಿನೆಂಟು ವರ್ಷ ನನ್ನ ಸೊಂಟದಲ್ಲೇ ಇತ್ತು. ತೆಗೆದು ಸುಡಬಹುದಿತ್ತು. ಧೈರ್ಯ ಬರಲಿಲ್ಲ. ಯಾವ ಹೊಸ ನರ್ಸಿಗೂ ಖಾಲಿ ಸಾಲಿಗೆ ಸಹಿ ಹಾಕಲು ನಾನು ಬಿಡಲಿಲ್ಲ. ಹಾಕಿದವಳನ್ನು ಎಲ್ಲರ ಮುಂದೆ ಬೈದು ಅಳಿಸಿದ್ದೇನೆ. ಔಷಧ ಸುರಕ್ಷತೆಯಲ್ಲಿ ಹೆಸರು ಬಂದದ್ದು ಹೀಗೆ.

ಕಟ್ಟಡದಿಂದ ಹೆಸರು ತೆಗೆಯಿರಿ ಎಂದು ಸಮಿತಿಗೆ ನಾಳೆಯೇ ಬರೆಯುತ್ತೇನೆ. ಆರೋಗ್ಯ ಸರಿಯಿಲ್ಲವೆಂದು ಹೇಳುತ್ತೇನೆ. ಮೂಂಟಾಕ್ಕೆ ಹೋಗಿ ಮಿಸೆಸ್ ಟ್ರೆಝೀಸ್ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ. ವೇದಿಕೆಯೊಂದನ್ನು ಬಿಡು. ನನಗೆ ಮೊಮ್ಮಕ್ಕಳಿದ್ದಾರೆ.

ಕೋರಲ್


ಪೋರ್ಟ್ ಪಿರಿ
ಜುಲೈ 8, 2019

ಕೋರಲ್,

ಮೊಮ್ಮಕ್ಕಳ ವಿಷಯ ನನ್ನ ಹತ್ತಿರ ಎತ್ತಿದೆಯಲ್ಲ, ನಿನ್ನ ಧೈರ್ಯಕ್ಕೆ ಮೆಚ್ಚಿದೆ.

ಹೆಸರು ತೆಗೆಯುವ ಹಾಗಿಲ್ಲ. ಸೊಂಟ ನೋವೆಂದು ಹಿಂಬಾಗಿಲಿನಿಂದ ಜಾರಿಕೊಳ್ಳಲು ಬಿಡುತ್ತೇನೆಯೇ? ಫಲಕ ಗೋಡೆಗೆ ಏರಬೇಕು, ತಿರುಪು ಬಿಗಿಯಬೇಕು, ನಿನ್ನ ಮೊಮ್ಮಕ್ಕಳು ಮುಂದಿನ ಸಾಲಿನಲ್ಲಿ ಕೂರಬೇಕು. ನಾನು ಬಿದ್ದದ್ದು ಎಲ್ಲರ ಮುಂದೆ. ನೀನೂ ಎಲ್ಲರ ಮುಂದೆಯೇ ಬೀಳಬೇಕು. ನಡುವೆ ಹೆಸರು ವಾಪಸ್ ಪಡೆದೆಯೋ, ಆ ಪುಟ ಮರುದಿನವೇ ಪತ್ರಿಕೆಯವರ ಕೈಯಲ್ಲಿ.

ಮೂಂಟಾದ ಕಡೆ ಕಾಲಿಡಬೇಡ. ಅದು ನನ್ನ ಪಾಲು. ಉದ್ಘಾಟನೆ ಮುಗಿದ ಮರುದಿನ ಪುಸ್ತಕ ಹಿಡಿದುಕೊಂಡು ನಾನೇ ಹೋಗುತ್ತೇನೆ. ಈಗ ಹೇಳಿದರೆ ಅವರು ಇನ್ನೊಬ್ಬರಿಗೆ ಹೇಳುತ್ತಾರೆ, ಸುದ್ದಿ ಹಬ್ಬುತ್ತದೆ, ನೀನು ತಪ್ಪಿಸಿಕೊಳ್ಳುತ್ತೀಯ. ಐವತ್ತು ವರ್ಷ ಕಾದವಳಿಗೆ ನಾಲ್ಕು ತಿಂಗಳು ಯಾವ ಲೆಕ್ಕ?

ಇನ್ನು ನಿನ್ನ ಪತ್ರ ಬಂದರೆ ಒಡೆಯುವುದಿಲ್ಲ. ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತೇನೆ. ಫೋನ್ ಮಾಡಿದರೆ ಇಡುತ್ತೇನೆ. ಯಾರಿಗೂ ಹೇಳಿಕೊಳ್ಳಲಾಗದೆ ಒಬ್ಬಳೇ ಒದ್ದಾಡುವುದು ಹೇಗಿರುತ್ತದೆಂದು ಸ್ವಲ್ಪ ತಿಳಿದುಕೋ.

ನೆರಿಡಾ


ಮೂಂಟಾ
ಆಗಸ್ಟ್ 14, 2019

ನೆರಿ,

ನಿನ್ನ ಮಾತು ಮೀರಿದ್ದೇನೆ. ಇದನ್ನು ವೃದ್ಧರ ಮನೆಯ ಹೊರಗೆ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ದಯವಿಟ್ಟು ಇದೊಂದನ್ನು ಒಡೆ.

ಇವತ್ತು ಡೆನ್ಜಿಲ್ ಹೋದ ದಿನ. ಮನೆಯಲ್ಲಿ ಕೂರಲಾಗಲಿಲ್ಲ. ಮಿಸೆಸ್ ಟ್ರೆಝೀಸ್ ಮಂಚ ಬಿಟ್ಟು ಏಳುವುದಿಲ್ಲ, ಕಿವಿ ಮಂದ, ಆದರೆ ಬುದ್ಧಿ ಚುರುಕು. ನಾನು ಎಲ್ಲವನ್ನೂ ಹೇಳಿದೆ, ಎರಡು ಸಲ, ಕಿವಿಯ ಹತ್ತಿರ ಜೋರಾಗಿ, ಪಕ್ಕದ ಕೋಣೆಯವರಿಗೂ ಕೇಳಿಸಿತು. ಅವರು ತಟ್ಟೆಯಲ್ಲಿದ್ದ ಪಾಸ್ಟಿ ಕಡುಬಿನ ಅಂಚನ್ನು ಪುಡಿ ಮಾಡುತ್ತಾ ಕೂತಿದ್ದರು. ಆಮೇಲೆ:

"ಹಾಗಾದ್ರೆ ಆವತ್ತು ನಾನು ಕರವಸ್ತ್ರ ಇಸ್ಕೊಂಡಿದ್ದು ನಿನ್ನ ಕೈಯಿಂದ?"

"ಹೌದು."

"ಶಾಪ ಹಾಕಿದ್ದು ಆ ಇನ್ನೊಂದು ಹುಡುಗಿಗೆ?"

"ಹೌದು ಮಿಸೆಸ್ ಟ್ರೆಝೀಸ್."

"ಅವಳಿಗೆ ಮಕ್ಕಳಾದ್ವಾ?"

ಇಲ್ಲವೆಂದೆ. ಅವರು ಮುಖ ಗೋಡೆಗೆ ತಿರುಗಿಸಿಕೊಂಡರು. ಅತ್ತರೋ ಏನೋ, ಕಾಣಲಿಲ್ಲ. ಆಮೇಲೆ ನನ್ನ ತೋಳು ಹಿಡಿದು ಹೇಳಿದರು: "ನಿಂಗೆ ಏನ್ ಮಾಡ್ಬೇಕೋ ಆ ದೇವ್ರು ನೋಡ್ಕೋತಾನೆ, ನಂಗೆ ಪುರುಸೊತ್ತಿಲ್ಲ. ಆ ಹುಡುಗೀನ ಕರ್ಕೊಂಬಾ. ಕೈ ಹಿಡ್ದು ಹಾಕಿದ್ ಶಾಪ, ಕೈ ಹಿಡ್ದೇ ವಾಪಸ್ ತಗೋಬೇಕು. ಕಾಗ್ದ ಗೀಗ್ದ ಬೇಡ."

ಪಿರಿಯಿಂದ ಇಲ್ಲಿಗೆ ಒಂದೂಕಾಲು ಗಂಟೆ. ನಾಳೆಯೇ ಬಾ. ವೇದಿಕೆಯ ಮೇಲೆ ಹೇಳುವುದನ್ನೂ ಹೇಳುತ್ತೇನೆ, ಆಣೆ ಮಾಡುತ್ತೇನೆ. ಮೊದಲು ಇಲ್ಲಿಗೆ ಬಾ.

ಕೋರಲ್


ಪೋರ್ಟ್ ಪಿರಿ, ನಿನ್ನ ಬಾಗಿಲ ಹೊರಗೆ
ಸೆಪ್ಟೆಂಬರ್ 21, 2019

ನೆರಿ,

ನೀನು ಒಳಗಿದ್ದೀಯ. ಸೊಳ್ಳೆ ಜಾಲರಿಯ ಆಚೆ ನಿನ್ನ ಚಪ್ಪಲಿ ಕಾಣುತ್ತಿದೆ. ಏಳು ಸಲ ಫೋನ್ ಮಾಡಿದೆ, ಏಳು ಸಲವೂ ನೀನು ಇಟ್ಟೆ. ಈಗ ಬಾಗಿಲು ತಟ್ಟಿದರೆ ರೇಡಿಯೋದಲ್ಲಿ ಫುಟ್‌ಬಾಲ್ ಜೋರು ಮಾಡಿದೆ. ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿತು, ನಿನಗೆ ಕೇಳಿಸಿತೋ ಇಲ್ಲವೋ.

ಮಿಸೆಸ್ ಟ್ರೆಝೀಸ್ ಊಟ ಬಿಡುತ್ತಿದ್ದಾರೆ. ವಾರಕ್ಕೊಮ್ಮೆ ಹೋಗುತ್ತೇನೆ, ಬಾಗಿಲಲ್ಲಿ ನನ್ನೊಬ್ಬಳನ್ನೇ ನೋಡಿ "ಬರ್ಲಿಲ್ವಾ?" ಅನ್ನುತ್ತಾರೆ. ಮಂಚದ ಪಕ್ಕ ನಿನಗೆಂದು ಒಂದು ಕುರ್ಚಿ ಹಾಕಿಸಿದ್ದಾರೆ. ನನ್ನನ್ನು ಅದರ ಮೇಲೆ ಕೂರಲು ಬಿಡುವುದಿಲ್ಲ, ನಿಂತೇ ಮಾತಾಡುತ್ತೇನೆ.

ಇದನ್ನು ಬಾಗಿಲ ಕೆಳಗೆ ತೂರುತ್ತಿದ್ದೇನೆ. ನನ್ನನ್ನು ಎಷ್ಟು ಬೇಕಾದರೂ ದ್ವೇಷಿಸು, ಕಾಗದ ಮಾತ್ರ ಒಡೆ.

ಕೋ.


ಪೋರ್ಟ್ ಪಿರಿ
ಅಕ್ಟೋಬರ್ 1, 2019

ಕೋರಲ್,

ನಿನ್ನ ಮೇಲೆ ಕನಿಕರ ಬಂತೆಂದು ಬರೆಯುತ್ತಿಲ್ಲ. ಸಂತೋಷ ತಡೆಯಲಾಗದೆ ಬರೆಯುತ್ತಿದ್ದೇನೆ.

ನೀನು ಊರುಗೋಲು ಹಿಡಿದು ನನ್ನ ಮೆಟ್ಟಿಲ ಮೇಲೆ ನಿಂತು ಅಂಗಲಾಚಿದ್ದನ್ನು ಪರದೆಯ ಸಂದಿಯಿಂದ ನೋಡಿದೆ. ನೀನು ಏನೇನೋ ಬಡಬಡಿಸಿದೆ, "ಕೇಳ್ತಾ ಇದ್ದಾರೆ, ಕೇಳ್ತಾ ಇದ್ದಾರೆ" ಎಂದಷ್ಟೇ ಕಿವಿಗೆ ಬಿತ್ತು. ಯಾರು ಕೇಳುತ್ತಿದ್ದಾರೆ? ಸಮಿತಿಯವರೇ, ಭಾಷಣ ಸಿದ್ಧವೇ ಎಂದು? ಹೇಳು ಮತ್ತೆ. ಆ ದಿನ ಪೋರ್ಟ್ ಪಿರಿಯಲ್ಲಿ ನನಗಿಂತ ಸುಖಿ ಯಾರೂ ಇರಲಿಲ್ಲ. ಸಂಜೆ ಎರಡು ಲ್ಯಾಮಿಂಗ್ಟನ್ ಕೇಕು ತಿಂದೆ, ಸಕ್ಕರೆ ಕಾಯಿಲೆಯನ್ನು ಮೂಲೆಗೆ ತಳ್ಳಿ.

ನಿನ್ನ ಎರಡು ಕಾಗದ ಡಬ್ಬಿಯಲ್ಲಿವೆ. ಮೂರನೆಯದು ಬಂದರೆ ಅದಕ್ಕೂ ಜಾಗವಿದೆ.

ಫಲಕ ಗೋಡೆಗೆ ಏರಿತು, ನಾನೇ ನಿಂತು ನೋಡಿದೆ. ಹಿತ್ತಾಳೆ, ನಾಲ್ಕು ತಿರುಪು. ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆ ನನ್ನ ಜವಾಬ್ದಾರಿ. "ನಿಮ್ಗೆ ಯಾವ್ದು ಸರಿ ಅನ್ಸುತ್ತೋ ಅದನ್ನ ಇಡಿ" ಅಂದಿದ್ದಾಳೆ ಆನಲೀಸ್. ಯಾವ ಪುಟ ತೆರೆದಿಡುತ್ತೇನೆಂದು ನಿನಗೆ ಬೇರೆ ಹೇಳಬೇಕೆ?

ನೆರಿಡಾ


ಮೂಂಟಾ
ಅಕ್ಟೋಬರ್ 12, 2019

ನೆರಿ,

ನಿನ್ನೆ ಬೆಳಿಗ್ಗೆ ಮಿಸೆಸ್ ಟ್ರೆಝೀಸ್ ತೀರಿಕೊಂಡರು. ಗುರುವಾರ ಹತ್ತು ಗಂಟೆಗೆ ಇಲ್ಲಿನ ಮೆಥಡಿಸ್ಟ್ ಚರ್ಚಿನಲ್ಲಿ ಪ್ರಾರ್ಥನೆ, ಡೆನ್ಜಿಲ್ ಪಕ್ಕದಲ್ಲೇ ಮಣ್ಣು.

ನಾನು ಜೊತೆಗಿದ್ದೆ. ಇದನ್ನಾದರೂ ಒಡೆಯುತ್ತೀಯ ಎಂದುಕೊಂಡಿದ್ದೇನೆ.

ಕೋರಲ್


ಪೋರ್ಟ್ ಪಿರಿ
ನವೆಂಬರ್ 11, 2019

ಕೋರಲ್,

ಶನಿವಾರ ನೀನು ವೇದಿಕೆಯ ಮೇಲೆ ಐದೇ ಮಾತಾಡಿದೆ. "ಮದ್ದು ಕೊಟ್ಟವಳು ನಾನು. ಬರೆಯದೆ ಹೋದವಳು ನಾನು. ಆಮೇಲೆ ಸುಳ್ಳು ಬರೆದವಳು ನಾನು. ನೆರಿಡಾ ಪ್ಯಾಸ್ಕೋ ಕೊಂದದ್ದಲ್ಲ. ಪುಟ ಬಾಗಿಲ ಹತ್ತಿರವಿದೆ, ಹೋಗಿ ನೋಡಿ." ಮಂತ್ರಿಗಳ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತುಹೋಯಿತು. ಕುರ್ಚಿಯಿಂದೆದ್ದು ಜನ ಗಾಜಿನ ಪೆಟ್ಟಿಗೆಯ ಮುಂದೆ ಸಾಲುಗಟ್ಟಿದರು. ನಿನ್ನ ದೊಡ್ಡ ಮೊಮ್ಮಗಳು ಮುಖ ಮುಚ್ಚಿಕೊಂಡಳು, ಅದನ್ನೂ ನೋಡಿದೆ. ಎರಡು ಗಂಟೆಗೆ ಏಣಿ ತಂದು ಫಲಕ ಇಳಿಸಿದರು. ಗೋಡೆಯಲ್ಲಿ ನಾಲ್ಕು ತೂತು ಉಳಿದವು.

ನೀನು "ನೆರಿ, ನಿಲ್ಲು" ಎಂದು ಕೂಗಿದೆ. ನಾನು ತಿರುಗಲಿಲ್ಲ. ಪುಟ ಎಲ್ಲರೂ ನೋಡಿಯಾಗಿತ್ತು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಗುತ್ತಿದ್ದೆ, ಪಕ್ಕದಲ್ಲಿದ್ದವನು ಬೇರೆ ಕಡೆ ಹೋಗಿ ಕೂತ.

ನಿನ್ನೆ ಪಕ್ಕದ ಮನೆಯವನ ಕಾರಿನಲ್ಲಿ ಮೂಂಟಾಕ್ಕೆ ಹೋದೆ. ಒಳ್ಳೆಯ ಅಂಗಿ ಹಾಕಿದ್ದೆ. ಬೆರಳ ಸಂದಿಯಲ್ಲೆಲ್ಲ ಉಜ್ಜಿ ಕೈ ತೊಳೆದಿದ್ದೆ, ವಾರ್ಡಿಗೆ ಹೋಗುವ ಹಾಗೆ. ಬಾಗಿಲಲ್ಲಿ ಒಬ್ಬ ದಪ್ಪನೆಯ ಹೆಂಗಸು ಹೆಸರು ಕೇಳಿದಳು. ಹೇಳಿದೆ.

"ಅಯ್ಯೋ, ನೆರಿಡಾ ಅಂದ್ರೆ ನೀವೇನಾ? ದಿನಾ ಕೇಳ್ತಿದ್ರಲ್ಲಮ್ಮಾ! ಅವ್ರು ಹೋಗಿ ಒಂದ್ ತಿಂಗಳಾಯ್ತು."

ನನಗೆ ಅರ್ಥವಾಗಲಿಲ್ಲ. ಆ ಮುದುಕಿಗೆ ನನ್ನ ಹೆಸರು ಹೇಗೆ ಗೊತ್ತೆಂದು ಕೇಳಿದೆ. ಅವಳು ನನ್ನನ್ನು ಕೂರಿಸಿ ನೀರು ಕೊಟ್ಟಳು. ಮೂರು ತಿಂಗಳ ಹಿಂದೆಯೇ ಅವರಿಗೆ ಎಲ್ಲ ಗೊತ್ತಾಗಿತ್ತೆಂದಳು, ಯಾರೋ ಕೋಲು ಹಿಡಿದ ಹೆಂಗಸು ಬಂದು ಹೇಳಿದಳೆಂದಳು. ಕೋಣೆ ತೋರಿಸಿದಳು. ಈಗ ಅಲ್ಲಿ ಬೇರೆ ಯಾರೋ ಮುದುಕ ಮಲಗಿದ್ದಾನೆ.

ಮನೆಗೆ ಬಂದು ಡಬ್ಬಿ ತೆರೆದೆ. ಮೂರನ್ನೂ ಓದಿದೆ. ಆಗಸ್ಟಿನದು, ಬಾಗಿಲ ಕೆಳಗಿನದು, ಆ ನಾಲ್ಕು ಸಾಲಿನದು. ಎಂಟು ವಾರ ಆ ಕುರ್ಚಿ ನನಗೆ ಕಾದಿತ್ತು. ನಾನು ಇಲ್ಲಿ ಕೂತು ರೇಡಿಯೋ ಜೋರು ಮಾಡುತ್ತಿದ್ದೆ.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ಮಾರ್ಚ್‌ನಲ್ಲೇ ಪುಸ್ತಕ ನನ್ನ ಕೈಯಲ್ಲಿತ್ತು. ಆ ಗುರುವಾರವೇ ಮೂಂಟಾಕ್ಕೆ ಹೋಗಿದ್ದರೆ ಅವರು ನನ್ನ ಕೈ ಹಿಡಿಯುತ್ತಿದ್ದರು. ಹೋಗದಿದ್ದವಳು ನಾನು, ಅದರಲ್ಲಿ ನಿನ್ನ ಪಾಲಿಲ್ಲ. ಇದನ್ನು ಬರೆಯುವಾಗ ಎಷ್ಟು ಉರಿಯುತ್ತಿದೆ ಎಂದು ಹೇಳಲಾರೆ. ಊರಿಗೆಲ್ಲ ನಾನು ನಿರಪರಾಧಿ. ಆ ಶಾಪ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ, ಅದನ್ನು ತೆಗೆಯಬಲ್ಲವರು ಮಣ್ಣಿನಲ್ಲಿದ್ದಾರೆ.

ಕೊನೆಯ ದಿನ ಅವರ ಜೊತೆಗಿದ್ದೆನೆಂದು ಬರೆದಿದ್ದೀಯ. ಅವರು ನನ್ನ ಬಗ್ಗೆ ಏನಾದರೂ ಅಂದರೇ? ಅಂದಿದ್ದರೆ, ಸಿಹಿ ಮಾಡದೆ, ಒಂದು ಮಾತೂ ಬಿಡದೆ, ಅವರು ಅಂದ ಹಾಗೆಯೇ ಬರೆದು ಕಳಿಸು. ಏನೂ ಅನ್ನದಿದ್ದರೆ ಅದನ್ನೂ ಬರೆ.

ಬಂದ ದಿನವೇ ಒಡೆಯುತ್ತೇನೆ.

ನೆರಿಡಾ